ಪ್ರೊಟೀನ್ ಮತ್ತು ವೈರಸ್‌ಗಳ ರಚನೆಯಿಂದ ಅವುಗಳ ಕೆಲಸವನ್ನು ಓದುವುದು ಹೇಗೆ?

ಒಂದು ಪ್ರೊಟೀನಿನ ಮೂರು ಆಯಾಮದ ರಚನೆಯನ್ನು ಕಂಪ್ಯೂಟರ್ ಪರದೆಯ ಮೇಲೆ ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಸುರುಳಿಗಳು, ಬಾಣದ ತುದಿಯ ಪಟ್ಟಿಗಳು ಮತ್ತು ಇವನ್ನು ಬೆಸೆಯುವ ಎಳೆಗಳು. ಚಿತ್ರ ಎಷ್ಟೇ ಸುಂದರವಾಗಿದ್ದರೂ ಆ ಪ್ರೊಟೀನ್ ಜೀವಕೋಶದಲ್ಲಿ ಏನು ಮಾಡುತ್ತದೆ ಎಂಬುದು ಅದರಿಂದ ತಾನಾಗಿ ಹೊಳೆಯುವುದಿಲ್ಲ. ರಚನೆಯಿಂದ ಕಾರ್ಯದ ಕಡೆಗೆ ಸಾಗಲು ಒಂದು ಕ್ರಮವಿದೆ. ಪದವಿ ಹಂತದಲ್ಲಿ ಜೀವವಿಜ್ಞಾನವನ್ನೋ ರಸಾಯನವಿಜ್ಞಾನವನ್ನೋ ಓದಿದ ಯಾರಾದರೂ ಅದನ್ನು ಕಲಿಯಬಹುದು. 1971ರಲ್ಲಿ ಏಳು ರಚನೆಗಳೊಂದಿಗೆ ಆರಂಭವಾದ ಪ್ರೊಟೀನ್ ಡೇಟಾ ಬ್ಯಾಂಕಿನಲ್ಲಿ, ಅಂದರೆ ಪಿಡಿಬಿಯಲ್ಲಿ, ಇಂದು ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿದ್ದು, ಅವೆಲ್ಲವನ್ನೂ ಶುಲ್ಕವಿಲ್ಲದೆ ನೋಡಬಹುದು, ಇಳಿಸಿಕೊಳ್ಳಬಹುದು. ಪಿಡಿಬಿಯ ಪುಟದಲ್ಲೇ ಇರುವ ಮಾಲ್‌ಸ್ಟಾರ್ ಎಂಬ ವೀಕ್ಷಕ ತಂತ್ರಾಂಶ ಆರಂಭಕ್ಕೆ ಸಾಕು. ಮುಂದೆ ಕೈಮೆರಾಎಕ್ಸ್ ಅಥವಾ ಪೈಮಾಲ್ ಕಲಿತರೆ ಇನ್ನೂ ಅನುಕೂಲ.

ಈ ಲೇಖನದುದ್ದಕ್ಕೂ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ರಚನೆ ಎಂದರೆ ಅಣುವಿನ ಒಂದು ಸ್ಥಿತಿಯ ದಾಖಲೆ. ಕೆಲಸ ಎಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವ ಚಲನೆ. ಒಂದೇ ರಚನೆಯನ್ನು ಎಷ್ಟು ಹೊತ್ತು ನೋಡಿದರೂ ಸಿಗದ ಉತ್ತರ, ಅದೇ ಅಣುವಿನ ಎರಡು ಸ್ಥಿತಿಗಳನ್ನು ಒಂದರ ಮೇಲೊಂದು ಕೂರಿಸಿ ನೋಡಿದಾಗ ಸಿಗುವುದುಂಟು. ಹಾಗೆ ಸಿಕ್ಕಿದ್ದು ಕೂಡ ಪ್ರಯೋಗದಲ್ಲಿ ಗೆಲ್ಲುವವರೆಗೆ ಊಹೆಯೇ.

ಮೊದಲ ಹೆಜ್ಜೆ: ಚಿತ್ರಕ್ಕೆ ಮುಂಚೆ ದಾಖಲೆಯನ್ನು ಓದಿ

ಪಿಡಿಬಿಯ ಪ್ರತಿ ರಚನೆಗೂ ನಾಲ್ಕು ಅಕ್ಷರ-ಅಂಕಿಗಳ ಒಂದು ಸಂಕೇತವಿರುತ್ತದೆ. ಮನುಷ್ಯರ ಆಮ್ಲಜನಕರಹಿತ ಹಿಮೋಗ್ಲೋಬಿನ್‌ಗೆ 4ಎಚ್‌ಎಚ್‌ಬಿ ಎಂಬುದು ಅಂಥ ಒಂದು ಸಂಕೇತ. ಆ ಪುಟದಲ್ಲಿ ಮೊದಲು ನೋಡಬೇಕಾದದ್ದು ಮಾದರಿ ಯಾವ ಜೀವಿಯದು, ರಚನೆಯನ್ನು ಯಾವ ವಿಧಾನದಿಂದ ಪಡೆದರು, ಅಮೈನೊ ಆಮ್ಲಗಳ ಎಷ್ಟು ಸರಪಳಿಗಳಿವೆ ಮತ್ತು ಪ್ರೊಟೀನಿನ ಜೊತೆಗೆ ಬೇರೆ ಯಾವ ಅಣುಗಳು ಕುಳಿತಿವೆ ಎಂಬುದನ್ನು. ಬಳಿಕ, ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರೊಟೀನ್ ನಿಸರ್ಗದಲ್ಲಿರುವಂತೆಯೇ ಇದೆಯೇ ಎಂದು ವಿಚಾರಿಸಬೇಕು. ಹರಳು ಬೆಳೆಸಲು ಅಥವಾ ಅಣುವನ್ನು ಸ್ಥಿರಗೊಳಿಸಲು ಸಂಶೋಧಕರು ಅದರ ಕೆಲವು ಭಾಗಗಳನ್ನು ಕತ್ತರಿಸುತ್ತಾರೆ, ಕೆಲವು ಅಮೈನೊ ಆಮ್ಲಗಳನ್ನು ಬದಲಿಸುತ್ತಾರೆ.

2020ರಲ್ಲಿ ಪ್ರಕಟವಾದ ಕೊರೊನಾ ವೈರಸ್‌ನ ಸ್ಪೈಕ್ ಪ್ರೊಟೀನಿನ ಮೊದಲ ರಚನೆಗಳನ್ನೇ ನೋಡಿ. ಪೊರೆಯೊಳಗೆ ಹುದುಗಿರುವ ಭಾಗ ಅವುಗಳಲ್ಲಿ ಇಲ್ಲ; ಫ್ಯೂರಿನ್ ಎಂಬ ಕಿಣ್ವ ಸೀಳುವ ತಾಣವನ್ನು ಬದಲಿಸಲಾಗಿದೆ; 986 ಮತ್ತು 987ನೆಯ ಸ್ಥಾನಗಳಲ್ಲಿ ಮೂಲದ ಅಮೈನೊ ಆಮ್ಲಗಳ ಬದಲು ಪ್ರೋಲೀನ್ ಇದೆ. ಇದನ್ನು ಗಮನಿಸದೆ ರಚನೆಯನ್ನಷ್ಟೇ ನೋಡಿದವರು, ಈ ವೈರಸ್‌ಗೆ ಫ್ಯೂರಿನ್ ತಾಣವೇ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರಬಹುದು. ಹಳೆಯ ಮಾದರಿಯ ಪಿಡಿಬಿ ಕಡತದಲ್ಲಿ ಇಂಥ ಬದಲಾವಣೆಗಳು ಸೆಕ್‌ಎಡಿವಿ ಎಂಬ ಸಾಲುಗಳಲ್ಲೂ, ಮಾದರಿಯಲ್ಲಿದ್ದರೂ ಚಿತ್ರದಲ್ಲಿ ಕಾಣದ ಅಮೈನೊ ಆಮ್ಲಗಳ ಪಟ್ಟಿ ರಿಮಾರ್ಕ್ 465 ಎಂಬ ಸಾಲುಗಳಲ್ಲೂ ಇರುತ್ತದೆ. ಈ ಎರಡನ್ನು ಓದಲು ಐದು ನಿಮಿಷ ಸಾಕು, ಮತ್ತು ಈ ಐದು ನಿಮಿಷವನ್ನು ಉಳಿಸಲು ಹೋಗಬಾರದು.

ಎರಡನೆಯ ಹೆಜ್ಜೆ: ಯಾವ ಭಾಗವನ್ನು ಎಷ್ಟು ನಂಬಬಹುದು?

ಎಕ್ಸ್-ಕಿರಣ ವಿಧಾನದಲ್ಲಿ ಸಿಗುವುದು ಪರಮಾಣುಗಳ ಚಿತ್ರವಲ್ಲ, ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆ. ಅದರೊಳಗೆ ಪರಮಾಣುಗಳನ್ನು ಕೂರಿಸುವುದು ಸಂಶೋಧಕರ ಕೆಲಸ. ಆ ನಕ್ಷೆ ಎಷ್ಟು ಸ್ಫುಟವಾಗಿದೆ ಎಂಬುದನ್ನು ರೆಸಲ್ಯೂಶನ್ ಹೇಳುತ್ತದೆ. ಇದನ್ನು ಆಂಗ್‌ಸ್ಟ್ರಾಂ ಏಕಮಾನದಲ್ಲಿ, ಅಂದರೆ ಒಂದು ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗದಲ್ಲಿ, ಅಳೆಯುತ್ತಾರೆ. ಸಂಖ್ಯೆ ಸಣ್ಣದಾದಷ್ಟೂ ವಿವರ ಹೆಚ್ಚು. 2 ಆಂಗ್‌ಸ್ಟ್ರಾಂ ಆಸುಪಾಸಿನಲ್ಲಿ ಅಮೈನೊ ಆಮ್ಲಗಳ ಪಾರ್ಶ್ವ ಸರಪಳಿಗಳೂ ಅನೇಕ ನೀರಿನ ಅಣುಗಳೂ ಚೆನ್ನಾಗಿ ಕಾಣುತ್ತವೆ. 3.5 ಆಂಗ್‌ಸ್ಟ್ರಾಂ ತಲುಪುವ ಹೊತ್ತಿಗೆ ಬೆನ್ನೆಲುಬಿನ, ಅಂದರೆ ಸರಪಳಿಯ ಮುಖ್ಯ ಎಳೆಯ, ಹಾದಿ ತಿಳಿಯುತ್ತದೆಯಾದರೂ ಪಾರ್ಶ್ವ ಸರಪಳಿಗಳ ನಿಖರ ದಿಕ್ಕಿನ ಬಗ್ಗೆ ಅನುಮಾನ ಉಳಿಯುತ್ತದೆ. ಹೈಡ್ರೋಜನ್ ಬಂಧದ ಎರಡು ತುದಿಗಳ ನಡುವಿನ ಅಂತರವೇ ಸುಮಾರು 2.7ರಿಂದ 3.2 ಆಂಗ್‌ಸ್ಟ್ರಾಂ. ಹೀಗಿರುವಾಗ ಮಸುಕಾದ ನಕ್ಷೆಯ ಮೇಲೆ ನಿಂತು, ಇಲ್ಲಿ ಹೈಡ್ರೋಜನ್ ಬಂಧವಿದೆ, ಆದ್ದರಿಂದ ಕಾರ್ಯ ಹೀಗೆ ಎಂದು ವಾದಿಸುವುದು ದುಡುಕು.

ಇನ್ನೂ ಕೆಲವು ಸೂಚಕಗಳಿವೆ. ಬಿ-ಅಂಶ ಎಂಬ ಸಂಖ್ಯೆ ಒಂದು ಪರಮಾಣು ಎಷ್ಟು ಅಲುಗಾಡುತ್ತದೆ ಅಥವಾ ಅದರ ಸ್ಥಾನ ಎಷ್ಟು ಅನಿಶ್ಚಿತ ಎಂಬುದನ್ನು ಹೇಳುತ್ತದೆ. ರಚನೆಗೆ ಬಿ-ಅಂಶದ ಪ್ರಕಾರ ಬಣ್ಣ ಹಾಕಿದರೆ ಗಟ್ಟಿಯಾದ ಭಾಗಗಳೂ ಸಡಿಲವಾದ ಕುಣಿಕೆಗಳೂ ಒಂದೇ ನೋಟಕ್ಕೆ ಬೇರೆಯಾಗುತ್ತವೆ. ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ನಕ್ಷೆ ಬೆನ್ನೆಲುಬಿನ ಎರಡು ಕೋನಗಳಿಗೆ ಯಾವ ಬೆಲೆಗಳು ಸಾಧ್ಯ, ಯಾವುವು ಅಸಾಧ್ಯ ಎಂಬುದನ್ನು ತೋರಿಸುತ್ತದೆ. ಪಿಡಿಬಿಗೆ ಬರುವ ಪ್ರೊಟೀನ್ ರಚನೆಗಳನ್ನು ಇಂದಿಗೂ ಆ ನಕ್ಷೆಯ ಮೇಲಿಟ್ಟು ಪರೀಕ್ಷಿಸುತ್ತಾರೆ. ನಕ್ಷೆಯ ನಿಷಿದ್ಧ ಭಾಗದಲ್ಲಿ ಬಿದ್ದ ಅಮೈನೊ ಆಮ್ಲ ಮಾದರಿಯ ದೋಷವಿರಬಹುದು. ಆದರೆ ಸಾಂದ್ರತೆ ಅಲ್ಲಿ ಸ್ಪಷ್ಟವಾಗಿದ್ದರೆ ಆ ಬಿಗುವಿಗೆ ಏನೋ ಕಾರಣವಿದೆ ಎಂದರ್ಥ, ಮತ್ತು ಅಂಥ ಅಮೈನೊ ಆಮ್ಲ ಹಲವು ಬಾರಿ ಕ್ರಿಯಾಸ್ಥಾನದ, ಅಂದರೆ ಪ್ರೊಟೀನ್ ತನ್ನ ಕೆಲಸ ನಡೆಸುವ ಜಾಗದ, ಸಮೀಪದಲ್ಲೇ ಸಿಗುತ್ತದೆ.

ಅನುಕ್ರಮದಿಂದಲೇ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕೊಡುವ ರಚನೆಗಳಿಗೆ ಬೇರೆ ಮಾನದಂಡ. 2022ರಿಂದ 20 ಕೋಟಿಗೂ ಹೆಚ್ಚು ಪ್ರೊಟೀನ್‌ಗಳ ಇಂಥ ಮಾದರಿಗಳು ಮುಕ್ತವಾಗಿ ದೊರೆಯುತ್ತಿದ್ದು, ಪ್ರತಿ ಅಮೈನೊ ಆಮ್ಲಕ್ಕೂ ನೂರಕ್ಕೆ ಇಷ್ಟು ಎಂಬ ವಿಶ್ವಾಸಾಂಕವಿರುತ್ತದೆ. 90ಕ್ಕಿಂತ ಹೆಚ್ಚಿದ್ದರೆ ಬಹಳ ಭರವಸೆ, 70ರ ಮೇಲಿದ್ದರೆ ಬೆನ್ನೆಲುಬಿನ ಮಟ್ಟಿಗೆ ಭರವಸೆ, 50ಕ್ಕಿಂತ ಕಡಿಮೆಯಿದ್ದರೆ ಆ ಎಳೆಗೆ ನಿಶ್ಚಿತ ಆಕಾರವೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಈ ಅಂಕಗಳು ಕಡತದಲ್ಲಿ ಬಿ-ಅಂಶದ ಜಾಗದಲ್ಲೇ ಕುಳಿತಿರುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ: ಬಿ-ಅಂಶ ಹೆಚ್ಚಿದ್ದರೆ ಅನಿಶ್ಚಿತತೆ ಹೆಚ್ಚು, ವಿಶ್ವಾಸಾಂಕ ಹೆಚ್ಚಿದ್ದರೆ ಅನಿಶ್ಚಿತತೆ ಕಡಿಮೆ. ಎರಡು ಭಾಗಗಳು ಪರಸ್ಪರ ಹೇಗೆ ಕುಳಿತಿವೆ ಎಂಬುದನ್ನು ನಂಬುವ ಮುನ್ನ, ಮಾದರಿಯ ಜೊತೆಗೆ ಕೊಡುವ ಜೋಡಿ-ದೋಷದ ನಕ್ಷೆಯನ್ನೂ ನೋಡಬೇಕು. ಒಂದೊಂದು ಭಾಗವೂ ಸರಿಯಾಗಿದ್ದು ಅವುಗಳ ಜೋಡಣೆ ಮಾತ್ರ ತಪ್ಪಾಗಿರುವುದು ಸಾಮಾನ್ಯ.

ಮೂರನೆಯ ಹೆಜ್ಜೆ: ಪೂರ್ಣ ಜೋಡಣೆಯನ್ನು ತೆರೆಯಿರಿ

ಹರಳಿನಿಂದ ಬಂದ ಕಡತದಲ್ಲಿ ಇರುವುದು ಹರಳಿನಲ್ಲಿ ಮರುಕಳಿಸುವ ಕನಿಷ್ಠ ಘಟಕ. ಜೀವಕೋಶದಲ್ಲಿ ಕೆಲಸ ಮಾಡುವ ಜೋಡಣೆ ಅದಕ್ಕಿಂತ ದೊಡ್ಡದಿರಬಹುದು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್‌ನ 1ಎಚ್‌ಎಚ್‌ಒ ಕಡತವನ್ನು ಹಾಗೆಯೇ ತೆರೆದರೆ ಒಂದು ಆಲ್ಫಾ, ಒಂದು ಬೀಟಾ ಸರಪಳಿ ಮಾತ್ರ ಕಾಣುತ್ತವೆ. ನಾಲ್ಕು ಸರಪಳಿಗಳ ನಿಜವಾದ ಅಣು ಬೇಕಿದ್ದರೆ ಜೈವಿಕ ಜೋಡಣೆ ಎಂಬ ಆಯ್ಕೆಯನ್ನು ಆರಿಸಬೇಕು. ಎಚ್‌ಐವಿಯ ಪ್ರೊಟಿಯೇಸ್ ಕಿಣ್ವದಲ್ಲಂತೂ ಇದು ಇನ್ನೂ ಮುಖ್ಯ. ಅದರ ಸರಪಳಿಯಲ್ಲಿ 99 ಅಮೈನೊ ಆಮ್ಲಗಳಷ್ಟೇ ಇದ್ದು, ಎರಡು ಸರಪಳಿಗಳು ಸೇರಿದಾಗ ಮಾತ್ರ ಕ್ರಿಯಾಸ್ಥಾನ ರೂಪುಗೊಳ್ಳುತ್ತದೆ. ಎರಡೂ ಸರಪಳಿಗಳ 25ನೆಯ ಆಸ್ಪಾರ್ಟಿಕ್ ಆಮ್ಲಗಳು ಎದುರುಬದುರಾಗಿ ನಿಂತು ಒಂದೇ ಕೆಲಸವನ್ನು ಹಂಚಿಕೊಳ್ಳುತ್ತವೆ. ಒಂದೇ ಸರಪಳಿಯನ್ನು ನೋಡಿದವರಿಗೆ ಅರ್ಧ ಕ್ರಿಯಾಸ್ಥಾನ ಕಾಣುತ್ತದೆ, ಮತ್ತು ಅರ್ಧದಿಂದ ಏನೂ ಅರ್ಥವಾಗುವುದಿಲ್ಲ. 1ಎಚ್‌ಎಸ್‌ಜಿ ಎಂಬ ಕಡತದಲ್ಲಿ ಇಂಡಿನಾವಿರ್ ಔಷಧ ಈ ಎರಡು ಆಮ್ಲಗಳ ನಡುವೆ ಕುಳಿತಿರುವುದನ್ನು ನೋಡಬಹುದು.

ನಾಲ್ಕನೆಯ ಹೆಜ್ಜೆ: ಬಂಧುಗಳನ್ನು ಹುಡುಕಿ

ಅಮೈನೊ ಆಮ್ಲಗಳ ಅನುಕ್ರಮ ಗುರುತು ಸಿಗದಷ್ಟು ಬದಲಾದ ಮೇಲೂ ಪ್ರೊಟೀನಿನ ಮಡಿಕೆ, ಅಂದರೆ ಸರಪಳಿ ಮಡಿಚಿಕೊಂಡಿರುವ ಬಗೆ, ಉಳಿದುಕೊಳ್ಳುತ್ತದೆ. ಡಾಲಿ ಅಥವಾ ಫೋಲ್ಡ್‌ಸೀಕ್‌ನಂಥ ಸಾಧನಗಳಿಗೆ ನಿಮ್ಮ ರಚನೆಯನ್ನು ಕೊಟ್ಟರೆ ಅದೇ ಮಡಿಕೆಯ ಇತರ ಪ್ರೊಟೀನ್‌ಗಳ ಪಟ್ಟಿ ಬರುತ್ತದೆ. ಅಡಿನೊವೈರಸ್‌ನ ಕವಚದ ಮುಖ್ಯ ಪ್ರೊಟೀನ್ ಮತ್ತು ಪಿಆರ್‌ಡಿ1 ಎಂಬ ಬ್ಯಾಕ್ಟೀರಿಯಾ-ಭಕ್ಷಕ ವೈರಸ್‌ನ ಕವಚ ಪ್ರೊಟೀನ್ ಒಂದೇ ಮಡಿಕೆಯವು ಎಂದು ಗೊತ್ತಾದದ್ದು ಹೀಗೆ ರಚನೆಗಳನ್ನು ಹೋಲಿಸಿದಾಗಲೇ. ಒಂದು ಮನುಷ್ಯರನ್ನು, ಇನ್ನೊಂದು ಬ್ಯಾಕ್ಟೀರಿಯಾಗಳನ್ನು ಸೋಂಕುವ ಈ ವೈರಸ್‌ಗಳ ಹಳೆಯ ನಂಟು ಅನುಕ್ರಮದಲ್ಲಿ ಕಾಣುತ್ತಿರಲಿಲ್ಲ. ಆದರೆ ಮಡಿಕೆ ಒಂದೇ ಇದ್ದ ಮಾತ್ರಕ್ಕೆ ಕೆಲಸವೂ ಒಂದೇ ಎಂದುಕೊಳ್ಳುವಂತಿಲ್ಲ. ಇದಕ್ಕೆ ವಿರುದ್ಧವಾದದ್ದೂ ಉಂಟು: ಕೈಮೋಟ್ರಿಪ್ಸಿನ್ ಮತ್ತು ಸಬ್ಟಿಲಿಸಿನ್ ಎಂಬ ಕಿಣ್ವಗಳ ಮಡಿಕೆಗಳಲ್ಲಿ ಯಾವ ಹೋಲಿಕೆಯೂ ಇಲ್ಲ, ಆದರೂ ಎರಡರಲ್ಲೂ ಸೆರೀನ್, ಹಿಸ್ಟಿಡಿನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಅಮೈನೊ ಆಮ್ಲಗಳು ಒಂದೇ ಜ್ಯಾಮಿತಿಯಲ್ಲಿ ನಿಂತು ಪ್ರೊಟೀನ್ ಬಂಧವನ್ನು ಒಂದೇ ಬಗೆಯಲ್ಲಿ ಕಡಿಯುತ್ತವೆ. ಆದ್ದರಿಂದ ಮಡಿಕೆಯನ್ನೂ ಕ್ರಿಯಾಸ್ಥಾನವನ್ನೂ ಪ್ರತ್ಯೇಕವಾಗಿ ಹೋಲಿಸಬೇಕು.

ಐದನೆಯ ಹೆಜ್ಜೆ: ಗುಳಿಯೊಳಗೆ ಇಣುಕಿ

ಈಗ ಸುರುಳಿ-ಪಟ್ಟಿಗಳ ಚಿತ್ರವನ್ನು ಬದಿಗಿಟ್ಟು ಮೇಲ್ಮೈಯನ್ನು ತೆರೆಯಿರಿ. ಕಿಣ್ವದ ಕ್ರಿಯಾಸ್ಥಾನ ಸಾಮಾನ್ಯವಾಗಿ ಮೇಲ್ಮೈಯ ದೊಡ್ಡ ಸೀಳಿನಲ್ಲೋ ಗುಳಿಯಲ್ಲೋ ಇರುತ್ತದೆ. ಆ ಗುಳಿ ಎಷ್ಟು ಆಳವಿದೆ, ತಳದಲ್ಲಿ ಯಾವ ವಿದ್ಯುದಾವೇಶವಿದೆ, ಗೋಡೆಗಳು ನೀರನ್ನು ಸೆಳೆಯುತ್ತವೆಯೋ ದೂರವಿಡುತ್ತವೆಯೋ ಎಂಬುದನ್ನು ನೋಡಿದರೆ ಯಾವ ಅಣು ಅಲ್ಲಿಗೆ ಬಂದು ಕೂರಬಹುದು ಎಂಬುದು ಹೊಳೆಯತೊಡಗುತ್ತದೆ.

ಇದನ್ನು ಕಲಿಯಲು ಮೂರು ಜೀರ್ಣಕ ಕಿಣ್ವಗಳಿಗಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ಕೈಮೋಟ್ರಿಪ್ಸಿನ್, ಟ್ರಿಪ್ಸಿನ್ ಮತ್ತು ಇಲಾಸ್ಟೇಸ್‌ಗಳ ಮಡಿಕೆಯೂ ಒಂದೇ, ಬಂಧ ಕಡಿಯುವ ಮೂರು ಅಮೈನೊ ಆಮ್ಲಗಳೂ ಒಂದೇ. ಆದರೆ ಪ್ರೊಟೀನನ್ನು ಅವು ಕಡಿಯುವ ಜಾಗ ಬೇರೆ ಬೇರೆ. ಕಾರಣ, ಕ್ರಿಯಾಸ್ಥಾನದ ಪಕ್ಕದಲ್ಲಿರುವ ಒಂದು ಗುಳಿ. ಕೈಮೋಟ್ರಿಪ್ಸಿನ್‌ನಲ್ಲಿ ಆ ಗುಳಿ ಅಗಲವಾಗಿದ್ದು ಒಳಗೋಡೆ ನೀರನ್ನು ದೂರವಿಡುತ್ತದೆ, ಹಾಗಾಗಿ ಫಿನೈಲ್‌ಅಲನಿನ್, ಟೈರೋಸಿನ್‌ಗಳಂಥ ಉಂಗುರವುಳ್ಳ ದೊಡ್ಡ ಪಾರ್ಶ್ವ ಸರಪಳಿಗಳು ಅಲ್ಲಿ ಹಿಡಿಸುತ್ತವೆ. ಟ್ರಿಪ್ಸಿನ್‌ನ ಗುಳಿಯ ತಳದಲ್ಲಿ, 189ನೆಯ ಸ್ಥಾನದಲ್ಲಿ, ಋಣಾವೇಶದ ಆಸ್ಪಾರ್ಟಿಕ್ ಆಮ್ಲವಿದೆ. ಅದು ಧನಾವೇಶದ ಲೈಸಿನ್ ಮತ್ತು ಆರ್ಜಿನಿನ್‌ಗಳನ್ನು ಸೆಳೆಯುತ್ತದೆ. ಇಲಾಸ್ಟೇಸ್‌ನಲ್ಲಿ ಗುಳಿಯ ಬಾಯಿಗೆ ವ್ಯಾಲಿನ್ ಮತ್ತು ಥ್ರಿಯೊನಿನ್ ಅಡ್ಡ ನಿಂತಿರುವುದರಿಂದ ಅಲನಿನ್‌ನಂಥ ಚಿಕ್ಕ ಪಾರ್ಶ್ವ ಸರಪಳಿಗೆ ಮಾತ್ರ ಜಾಗ. 3ಪಿಟಿಬಿ ಎಂಬ ಕಡತವನ್ನು ತೆರೆದು, ಟ್ರಿಪ್ಸಿನ್‌ನ ಗುಳಿಯಲ್ಲಿ ಕುಳಿತಿರುವ ಬೆಂಜಮಿಡಿನ್ ಎಂಬ ಪುಟ್ಟ ಅಣುವನ್ನು ಹುಡುಕಿ, ಅದರ ಧನಾವೇಶದ ತುದಿಯಿಂದ 189ನೆಯ ಅಮೈನೊ ಆಮ್ಲದ ಆಮ್ಲಜನಕಗಳಿಗೆ ಎಷ್ಟು ದೂರ ಎಂದು ಅಳೆದು ನೋಡಿ. ಆ ಅಳತೆಯನ್ನು ಸ್ವತಃ ಮಾಡಿದವರಿಗೆ ಕಿಣ್ವದ ಆಯ್ಕೆ ಎಂದರೇನೆಂಬುದು ಮರೆತುಹೋಗುವುದಿಲ್ಲ.

ಹಾಗಾದರೆ ಟ್ರಿಪ್ಸಿನ್‌ನ ಆ ಒಂದು ಆಸ್ಪಾರ್ಟಿಕ್ ಆಮ್ಲವನ್ನು ಕೈಮೋಟ್ರಿಪ್ಸಿನ್‌ನಲ್ಲಿರುವಂತೆ ಸೆರೀನ್‌ಗೆ ಬದಲಿಸಿದರೆ ಅದು ಕೈಮೋಟ್ರಿಪ್ಸಿನ್ ಆಗಬೇಕಲ್ಲವೇ? ಆಗಲಿಲ್ಲ. ಲಿಜ್‌ಬೆತ್ ಹೆಡ್‌ಸ್ಟ್ರಾಂ ಮತ್ತು ಸಹೋದ್ಯೋಗಿಗಳು 1992ರಲ್ಲಿ ತೋರಿಸಿದಂತೆ, ತಲಾಧಾರ ಅಣುವನ್ನು, ಅಂದರೆ ಕಿಣ್ವ ಕಡಿಯುವ ಅಣುವನ್ನು, ನೇರವಾಗಿ ಮುಟ್ಟದ ಎರಡು ಮೇಲ್ಮೈ ಕುಣಿಕೆಗಳನ್ನೂ ಬದಲಿಸಿದಾಗಲೇ ಕೈಮೋಟ್ರಿಪ್ಸಿನ್‌ನಂಥ ಚಟುವಟಿಕೆ ಗಣನೀಯವಾಗಿ ಕಾಣಿಸಿತು. ಗುಳಿ ಕಣ್ಣಿಗೆ ಕಂಡಿತು, ವಿವರಣೆ ಸೊಗಸಾಗಿತ್ತು, ಆದರೆ ಕಾರ್ಯದ ಒಂದು ಪಾಲು ದೂರದ ಕುಣಿಕೆಗಳಲ್ಲಿತ್ತು. ರಚನೆಯನ್ನು ಓದುವವರೆಲ್ಲರೂ ಈ ಪ್ರಯೋಗವನ್ನು ನೆನಪಿಡಬೇಕು.

ಆರನೆಯ ಹೆಜ್ಜೆ: ಎರಡು ಸ್ಥಿತಿಗಳನ್ನು ಒಂದರ ಮೇಲೊಂದು ಕೂರಿಸಿ

ಮ್ಯಾಕ್ಸ್ ಪೆರುಟ್ಜ್ ಹಿಮೋಗ್ಲೋಬಿನ್‌ನ ರಚನೆಗಾಗಿಯೂ, ಜಾನ್ ಕೆಂಡ್ರ್ಯೂ ಮಯೋಗ್ಲೋಬಿನ್‌ನ ರಚನೆಗಾಗಿಯೂ 1962ರ ರಸಾಯನವಿಜ್ಞಾನ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಹಿಮೋಗ್ಲೋಬಿನ್ ತನ್ನ ಕೆಲಸವನ್ನು ಹೇಗೆ ಮಾಡುತ್ತದೆ ಎಂಬುದು ಸ್ಪಷ್ಟವಾದದ್ದು ಮಾತ್ರ ಆಮ್ಲಜನಕವಿರುವ ಮತ್ತು ಇಲ್ಲದಿರುವ ಎರಡು ರಚನೆಗಳನ್ನು ಪೆರುಟ್ಜ್ ಹೋಲಿಸಿ ನೋಡಿದ ಮೇಲೆ.

ನೀವೂ ಮಾಡಿ ನೋಡಿ. 4ಎಚ್‌ಎಚ್‌ಬಿಯನ್ನೂ, ಪೂರ್ಣ ಜೋಡಣೆಯಾಗಿ ತೆರೆದ 1ಎಚ್‌ಎಚ್‌ಒವನ್ನೂ ಒಟ್ಟಿಗೆ ತನ್ನಿ. ನಾಲ್ಕೂ ಸರಪಳಿಗಳನ್ನು ಒಮ್ಮೆಗೇ ಹೊಂದಿಸಲು ಹೋದರೆ ವ್ಯತ್ಯಾಸ ಎಲ್ಲೆಡೆ ಹಂಚಿಹೋಗಿ ಏನೂ ತಿಳಿಯುವುದಿಲ್ಲ. ಬದಲಿಗೆ ಒಂದು ಆಲ್ಫಾ-ಬೀಟಾ ಜೋಡಿಯನ್ನು ಮಾತ್ರ ಹೊಂದಿಸಿ, ಇನ್ನೊಂದು ಜೋಡಿಯನ್ನು ಅದರ ಪಾಡಿಗೆ ಬಿಡಿ. ಆಗ ಎರಡನೆಯ ಜೋಡಿ ಸುಮಾರು 15 ಡಿಗ್ರಿ ತಿರುಗಿರುವುದು ಕಾಣುತ್ತದೆ. ಈಗ ಹೀಮ್ ಎಂಬ ತಟ್ಟೆಯಾಕಾರದ ಅಣುವಿನ ಬಳಿಗೆ ಹೋಗಿ. ಆಮ್ಲಜನಕವಿಲ್ಲದಾಗ ಅದರ ಕಬ್ಬಿಣದ ಪರಮಾಣು ತಟ್ಟೆಯ ಸಮತಲದಿಂದ ಸುಮಾರು 0.4 ಆಂಗ್‌ಸ್ಟ್ರಾಂ ಹೊರಗಿರುತ್ತದೆ. ಆಮ್ಲಜನಕ ಬಂದು ಕೂಡಿದಾಗ ಸಮತಲದ ಕಡೆಗೆ ಸರಿಯುತ್ತದೆ. ಕಬ್ಬಿಣಕ್ಕೆ ಅಂಟಿರುವ ಹಿಸ್ಟಿಡಿನ್ ಅದರೊಂದಿಗೆ ಎಳೆಯಲ್ಪಡುತ್ತದೆ, ಹಿಸ್ಟಿಡಿನ್ ಇರುವ ಸುರುಳಿ ಸರಿಯುತ್ತದೆ, ಸುರುಳಿ ಪಕ್ಕದ ಸರಪಳಿಯ ಅಂಚನ್ನು ತಳ್ಳುತ್ತದೆ. ಒಂದು ಸರಪಳಿಗೆ ಆಮ್ಲಜನಕ ಸಿಕ್ಕ ಸುದ್ದಿ ಉಳಿದ ಸರಪಳಿಗಳಿಗೆ ತಲುಪಿ, ಅವು ಆಮ್ಲಜನಕವನ್ನು ಇನ್ನೂ ಸುಲಭವಾಗಿ ಹಿಡಿಯುವಂತಾಗುವುದು ಹೀಗೆ. ಪರಮಾಣುವಿನ ವ್ಯಾಸಕ್ಕಿಂತಲೂ ಚಿಕ್ಕದಾದ ಸರಿತವೊಂದು ಇಡೀ ಅಣುವಿನ ತಿರುವಾಗಿ ಬೆಳೆಯುವುದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಇದೇ ಹೋಲಿಕೆಯಿಂದ ಇನ್ನೂ ಕೆಲವು ಪ್ರಶ್ನೆಗಳು ಬಿಡಿಸಿಕೊಳ್ಳುತ್ತವೆ. ಆಮ್ಲಜನಕವಿಲ್ಲದ ಸ್ಥಿತಿಯಲ್ಲಿ ಎರಡು ಬೀಟಾ ಸರಪಳಿಗಳ ನಡುವೆ ಒಂದು ಕುಹರ ತೆರೆದಿರುತ್ತದೆ. ಋಣಾವೇಶದ ಬಿಸ್‌ಫಾಸ್ಫೊಗ್ಲಿಸರೇಟ್ ಎಂಬ ಅಣು ಅಲ್ಲಿ ಕುಳಿತು ಆ ಸ್ಥಿತಿಯನ್ನು ಹಿಡಿದಿಡುತ್ತದೆ ಮತ್ತು ಅಂಗಾಂಶಗಳಲ್ಲಿ ಆಮ್ಲಜನಕ ಬಿಡುಗಡೆಯಾಗಲು ನೆರವಾಗುತ್ತದೆ. ಭ್ರೂಣದ ಹಿಮೋಗ್ಲೋಬಿನ್‌ನಲ್ಲಿ ಆ ಕುಹರದ 143ನೆಯ ಹಿಸ್ಟಿಡಿನ್‌ಗೆ ಬದಲಾಗಿ ಸೆರೀನ್ ಇರುವುದರಿಂದ ಆ ಅಣು ಅಲ್ಲಿ ಸಡಿಲವಾಗಿ ಕೂರುತ್ತದೆ. ಹಾಗಾಗಿ ಭ್ರೂಣದ ರಕ್ತ ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಬಲ್ಲದು. ಕುಡಗೋಲು ಕಣ ರೋಗದಲ್ಲಿ ಬೀಟಾ ಸರಪಳಿಯ 6ನೆಯ ಗ್ಲುಟಾಮಿಕ್ ಆಮ್ಲ ವ್ಯಾಲಿನ್ ಆಗಿರುತ್ತದೆ. ಆ ವ್ಯಾಲಿನ್ ಪಕ್ಕದ ಹಿಮೋಗ್ಲೋಬಿನ್ ಅಣುವಿನ ಒಂದು ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ, ಮತ್ತು ಆ ತಗ್ಗು ಆಮ್ಲಜನಕ ಬಿಟ್ಟುಕೊಟ್ಟ ಸ್ಥಿತಿಯಲ್ಲಿ ಮಾತ್ರ ಒದಗುತ್ತದೆ. ರಕ್ತಕಣಗಳು ಆಮ್ಲಜನಕ ಕಳೆದುಕೊಂಡಾಗಲೇ ಯಾಕೆ ಬಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರವಿಲ್ಲ.

ಏಳನೆಯ ಹೆಜ್ಜೆ: ವೈರಸ್‌ಗಳನ್ನು ಓದುವಾಗ

ವೈರಸ್ ಕಣದ ಕೆಲಸಗಳು ಒಂದಕ್ಕೊಂದು ವಿರುದ್ಧವಾಗಿವೆ: ಹೊರಗಿರುವಾಗ ತನ್ನ ಜೀನೋಮನ್ನು ಭದ್ರವಾಗಿ ಕಾಯಬೇಕು, ಸರಿಯಾದ ಜೀವಕೋಶ ಸಿಕ್ಕಾಗ ತನ್ನನ್ನು ತಾನೇ ಬಿಚ್ಚಿಕೊಳ್ಳಬೇಕು. ಆದ್ದರಿಂದ ವೈರಸ್‌ನ ರಚನೆಯನ್ನು ನೋಡುವಾಗ, ಇದು ಹೇಗೆ ಕಟ್ಟಿಕೊಂಡಿದೆ, ಯಾವುದನ್ನು ಹಿಡಿಯುತ್ತದೆ, ಹೇಗೆ ತೆರೆದುಕೊಳ್ಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ.

ಕಟ್ಟುವಿಕೆಯ ತರ್ಕ ಸರಳ. ಚಿಕ್ಕ ಜೀನೋಮಿನಲ್ಲಿ ದೊಡ್ಡ ಕವಚಕ್ಕೆ ಬೇಕಾದಷ್ಟು ಬಗೆಯ ಪ್ರೊಟೀನ್‌ಗಳ ಮಾಹಿತಿ ಹಿಡಿಸುವುದಿಲ್ಲ, ಹಾಗಾಗಿ ಒಂದೇ ಪ್ರೊಟೀನನ್ನು ಮತ್ತೆ ಮತ್ತೆ ಬಳಸಬೇಕು. 1956ರಲ್ಲೇ ಕ್ರಿಕ್ ಮತ್ತು ವಾಟ್ಸನ್ ಇದನ್ನು ವಾದಿಸಿದ್ದರು. ತಂಬಾಕಿನ ಮೊಸಾಯಿಕ್ ವೈರಸ್‌ನಲ್ಲಿ ಸುಮಾರು 2,130 ಪ್ರತಿಗಳು ಸುರುಳಿಯಾಗಿ ಜೋಡಿಕೊಂಡು 300 ನ್ಯಾನೊಮೀಟರ್ ಉದ್ದದ ಕಡ್ಡಿಯಾಗಿವೆ. ಒಂದೊಂದು ಪ್ರತಿಯೂ ಆರ್‌ಎನ್‌ಎಯ ಮೂರು ನ್ಯೂಕ್ಲಿಯೋಟೈಡ್‌ಗಳನ್ನು ಹಿಡಿದಿರುತ್ತದೆ, ಜೀನೋಮಿನಲ್ಲಿರುವುದು ಸುಮಾರು 6,400 ನ್ಯೂಕ್ಲಿಯೋಟೈಡ್‌ಗಳು. ಕಡ್ಡಿಯ ಉದ್ದವನ್ನು ನಿರ್ಧರಿಸುವುದು ಆರ್‌ಎನ್‌ಎಯ ಉದ್ದವೇ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಇಪ್ಪತ್ತು ಮುಖಗಳ ಗೋಲಾಕಾರದ ಕವಚಗಳಿಗೆ ಕ್ಯಾಸ್ಪರ್ ಮತ್ತು ಕ್ಲುಗ್ 1962ರಲ್ಲಿ ಕೊಟ್ಟ ನಿಯಮದ ಪ್ರಕಾರ ಪ್ರತಿಗಳ ಸಂಖ್ಯೆ 60ರ ನಿರ್ದಿಷ್ಟ ಗುಣಕವಾಗಿರುತ್ತದೆ; 1978ರಲ್ಲಿ ಸ್ಟೀಫನ್ ಹ್ಯಾರಿಸನ್ ತಂಡ ಬಿಡಿಸಿದ ಟೊಮೇಟೊ ಬುಷಿ ಸ್ಟಂಟ್ ವೈರಸ್‌ನಲ್ಲಿ 180 ಪ್ರತಿಗಳಿವೆ. ಆ ರಚನೆಯಲ್ಲಿ ಕಾಣದ್ದೂ ಅಷ್ಟೇ ಮುಖ್ಯ: ಕವಚ ಪ್ರೊಟೀನಿನ ಧನಾವೇಶದ ತುದಿ ಒಳಗಿನ ಆರ್‌ಎನ್‌ಎ ಕಡೆಗೆ ಚಾಚಿದ್ದು, ಕ್ರಮಬದ್ಧವಾಗಿಲ್ಲದ ಕಾರಣ ನಕ್ಷೆಯಲ್ಲಿ ಮೂಡಿಲ್ಲ. ಚಿತ್ರದಲ್ಲಿ ಖಾಲಿಯಿರುವ ಜಾಗವನ್ನು ಕೆಲಸವಿಲ್ಲದ ಜಾಗ ಎಂದು ತಿಳಿಯಬಾರದು.

ವೈರಸ್ ಯಾವುದನ್ನು ಹಿಡಿಯುತ್ತದೆ ಎಂಬ ಪ್ರಶ್ನೆಗೆ ನೆಗಡಿಯ ರೈನೊವೈರಸ್ ಒಳ್ಳೆಯ ನಿದರ್ಶನ. 1985ರಲ್ಲಿ ಮೈಕೆಲ್ ರಾಸ್‌ಮನ್ ತಂಡ ಅದರ ರಚನೆಯನ್ನು ಬಿಡಿಸಿದಾಗ ಐದು ಮಡಿ ಅಕ್ಷದ (ಐದು ಪ್ರತಿಗಳು ಕೂಡುವ ಬಿಂದುವಿನ) ಸುತ್ತ ಒಂದು ಆಳವಾದ ಕಣಿವೆ ಕಂಡಿತು. ಗ್ರಾಹಿ, ಅಂದರೆ ವೈರಸ್ ಅಂಟಿಕೊಳ್ಳುವ ಜೀವಕೋಶದ ಮೇಲ್ಮೈ ಅಣು, ಈ ಕಣಿವೆಯಲ್ಲಿ ಬಂದು ಕೂರುತ್ತದೆ, ಪ್ರತಿಕಾಯ ದಪ್ಪವಾಗಿರುವುದರಿಂದ ತಳವನ್ನು ಮುಟ್ಟಲಾರದು, ಆದ್ದರಿಂದ ಅಂಚುಗಳು ಬದಲಾಗುತ್ತಿದ್ದರೂ ತಳ ಬದಲಾಗದೆ ಉಳಿಯುತ್ತದೆ ಎಂದು ಅವರು ಊಹಿಸಿದರು. ಐಸಿಎಎಂ-1 ಎಂಬ ಗ್ರಾಹಿ ಕಣಿವೆಯಲ್ಲೇ ಕೂರುತ್ತದೆ ಎಂಬ ಮೊದಲ ಭಾಗ ಸರಿಯಾಯಿತು. ಎರಡನೆಯ ಭಾಗ ಪೂರ್ತಿ ನಿಲ್ಲಲಿಲ್ಲ; ಒಂದು ಪ್ರತಿಕಾಯ ಕಣಿವೆಯ ಆಳಕ್ಕೆ ಇಳಿಯುವುದನ್ನು 1996ರ ರಚನೆಯೊಂದು ತೋರಿಸಿತು. ಇನ್ನೊಂದು ಗುಂಪಿನ ರೈನೊವೈರಸ್‌ಗಳು ಬೇರೆ ಗ್ರಾಹಿಯನ್ನು ಕಣಿವೆಯ ಹೊರಗೆ, ಐದು ಮಡಿ ಅಕ್ಷದ ದಿಬ್ಬದ ಮೇಲೆ ಹಿಡಿಯುತ್ತವೆ. ಹತ್ತಿರದ ಬಂಧುಗಳೂ ಒಂದೇ ಬಾಗಿಲಿನಿಂದ ಒಳಬರುತ್ತವೆ ಎಂದು ನಂಬುವಂತಿಲ್ಲ.

ತೆರೆದುಕೊಳ್ಳುವ ಬಗೆಯೇ ಎಲ್ಲಕ್ಕಿಂತ ಸ್ವಾರಸ್ಯಕರ, ಮತ್ತು ಇಲ್ಲಿ ಮತ್ತೆ ಎರಡು ಸ್ಥಿತಿಗಳು ಬೇಕು. ಇನ್‌ಫ್ಲುಯೆಂಜಾದ ಹೀಮಗ್ಲುಟಿನಿನ್ ಎಂಬ ಮೇಲ್ಮೈ ಪ್ರೊಟೀನಿನ ಮೊದಲ ರಚನೆ 1981ರಲ್ಲಿ ಬಂತು. ಪೊರೆಗಳನ್ನು ಬೆಸೆಯುವ ತುಣುಕು ಅದರಲ್ಲಿ ಕಾಂಡದೊಳಗೆ ಅಡಗಿತ್ತು. ಗುರಿಯಾದ ಪೊರೆಯನ್ನು ಅದು ಹೇಗೆ ತಲುಪುತ್ತದೆ ಎಂದು ಆ ರಚನೆಯಿಂದ ಹೇಳುವಂತಿರಲಿಲ್ಲ. ಆಮ್ಲೀಯ ಸ್ಥಿತಿಯ ರೂಪ 1994ರಲ್ಲಿ ಬಿಡಿಸಲ್ಪಟ್ಟಾಗ, ಮೊದಲು ಕುಣಿಕೆಯಾಗಿದ್ದ ಭಾಗ ಸುರುಳಿಯಾಗಿ ನೆಟ್ಟಗಾಗಿ ಆ ತುಣುಕನ್ನು 100 ಆಂಗ್‌ಸ್ಟ್ರಾಂನಷ್ಟು ದೂರ ಒಯ್ಯುತ್ತದೆ ಎಂದು ತಿಳಿಯಿತು.

ಈ ತಿಳಿವಳಿಕೆ ಲಸಿಕೆಗೆ ನೇರವಾಗಿ ಬಳಕೆಯಾದದ್ದು ಮಕ್ಕಳ ಮತ್ತು ವೃದ್ಧರ ಶ್ವಾಸಕೋಶವನ್ನು ಕಾಡುವ ಆರ್‌ಎಸ್‌ವಿ ವೈರಸ್‌ನಲ್ಲಿ. ಪೊರೆಗಳನ್ನು ಬೆಸೆಯುವ ಅದರ ಪ್ರೊಟೀನಿನ, ಬೆಸುಗೆಯ ನಂತರದ ರೂಪ 3ಆರ್‌ಆರ್‌ಆರ್ ಎಂಬ ಕಡತದಲ್ಲೂ, ಬೆಸುಗೆಗೆ ಮುಂಚಿನ ರೂಪ 2013ರಲ್ಲಿ ಪ್ರಕಟವಾದ 4ಜೆಎಚ್‌ಡಬ್ಲ್ಯು ಕಡತದಲ್ಲೂ ಇದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಬಲಶಾಲಿ ಪ್ರತಿಕಾಯಗಳು ಹಿಡಿಯುವ ತುದಿಯ ತಾಣ ಮೊದಲಿನ ರೂಪದಲ್ಲಿ ಮಾತ್ರ ಇದೆ ಎಂಬುದು ಕಾಣುತ್ತದೆ. ಸಂಶೋಧಕರು 155 ಮತ್ತು 290ನೆಯ ಸ್ಥಾನಗಳಲ್ಲಿ ಸಿಸ್ಟೀನ್ ಇಟ್ಟು ಗಂಧಕದ ಸೇತುವೆ ಕಟ್ಟಿದರು, 190 ಮತ್ತು 207ನೆಯ ಸ್ಥಾನಗಳಲ್ಲಿ ದೊಡ್ಡ ಅಮೈನೊ ಆಮ್ಲಗಳನ್ನಿಟ್ಟು ಒಳಗಿನ ಪೊಳ್ಳನ್ನು ತುಂಬಿಸಿದರು. ಪ್ರೊಟೀನ್ ಮೊದಲಿನ ರೂಪದಲ್ಲೇ ನಿಂತಿತು. ಮೊದಲಿನ ರೂಪವನ್ನು ಹೀಗೆ ಸ್ಥಿರಗೊಳಿಸುವ ತತ್ವದ ಮೇಲೆ ರೂಪುಗೊಂಡ ಲಸಿಕೆಗಳಿಗೆ 2023ರಲ್ಲಿ ಅನುಮತಿ ಸಿಕ್ಕಿತು. ಕೊರೊನಾದ ಸ್ಪೈಕ್‌ನಲ್ಲಿ ಎರಡು ಪ್ರೋಲೀನ್‌ಗಳನ್ನು ಇಟ್ಟದ್ದರ ಹಿಂದಿನ ತರ್ಕವೂ ಇದೇ. ಆ ಸ್ಪೈಕ್‌ನ ಮುಚ್ಚಿದ ರೂಪಕ್ಕೆ 6ವಿಎಕ್ಸ್‌ಎಕ್ಸ್, ಗ್ರಾಹಿಯನ್ನು ಹಿಡಿಯುವ ಒಂದು ಭಾಗ ಮೇಲೆದ್ದ ರೂಪಕ್ಕೆ 6ವಿವೈಬಿ ಎಂಬ ಕಡತಗಳನ್ನು ನೋಡಿ. ಪ್ರತಿ ಸರಪಳಿಯ ಮೇಲೆ ಸಕ್ಕರೆ ಕೊಂಡಿಗಳು ಅಂಟುವ 22 ತಾಣಗಳಿದ್ದರೂ ಕಡತದಲ್ಲಿ ಅವುಗಳ ಬುಡ ಮಾತ್ರ ಕಾಣುತ್ತದೆ. ನಿಜವಾದ ಸ್ಪೈಕ್‌ನ ಮೇಲ್ಮೈ ಪರದೆಯ ಮೇಲಿನ ಚಿತ್ರಕ್ಕಿಂತ ಬಹಳ ಹೆಚ್ಚು ಮುಚ್ಚಿಕೊಂಡಿದೆ.

ಎಂಟನೆಯ ಹೆಜ್ಜೆ: ಊಹೆಯನ್ನು ಪರೀಕ್ಷೆಗೆ ಒಡ್ಡಿ

ರಚನೆ ಬಿಡಿಸಲ್ಪಟ್ಟ ಮೊದಲ ಕಿಣ್ವ ಲೈಸೊಜೈಮ್. 1965ರಲ್ಲಿ ಡೇವಿಡ್ ಫಿಲಿಪ್ಸ್ ತಂಡ ಅದರ ಸೀಳಿನಲ್ಲಿ 35ನೆಯ ಗ್ಲುಟಾಮಿಕ್ ಆಮ್ಲವನ್ನೂ 52ನೆಯ ಆಸ್ಪಾರ್ಟಿಕ್ ಆಮ್ಲವನ್ನೂ ಎದುರುಬದುರಾಗಿ ಕಂಡಿತು, ಮತ್ತು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಕಡಿಯುವುದು ಇವೇ ಎಂದು ಸರಿಯಾಗಿಯೇ ಗುರುತಿಸಿತು. 52ನೆಯ ಆಮ್ಲ ತನ್ನ ಋಣಾವೇಶದಿಂದ, ಕ್ರಿಯೆಯ ನಡುವೆ ಮೂಡುವ ಮಧ್ಯಂತರ ಅಣುವನ್ನು ಬಂಧವಿಲ್ಲದೆ ಆಧರಿಸಿ ನಿಲ್ಲಿಸುತ್ತದೆ ಎಂಬ ವಿವರಣೆ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿತ್ತು. ಆ ಆಮ್ಲ ಮಧ್ಯಂತರ ಅಣುವಿನೊಂದಿಗೆ ನಿಜಕ್ಕೂ ಕೋವೇಲೆಂಟ್ ಬಂಧ ಕಟ್ಟಿಕೊಳ್ಳುತ್ತದೆ ಎಂಬುದನ್ನು 2001ರಲ್ಲಿ ಸ್ಟೀಫನ್ ವಿದರ್ಸ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಯಾವ ಅಮೈನೊ ಆಮ್ಲಗಳು ಎಂಬುದನ್ನು ಮೊದಲ ರಚನೆ ಹೇಳಿತ್ತು. ಹೇಗೆ ಎಂಬುದಕ್ಕೆ ಕ್ರಿಯೆಯನ್ನು ನಡುದಾರಿಯಲ್ಲಿ ನಿಲ್ಲಿಸಿ ನೋಡುವ ಪ್ರಯೋಗ ಬೇಕಾಯಿತು.

ಆದ್ದರಿಂದ ನಿಮ್ಮ ಓದಿನ ಕೊನೆಯಲ್ಲಿ ಸೋಲಬಹುದಾದ ಒಂದು ವಾಕ್ಯವನ್ನು ಬರೆಯಿರಿ: ಇಂಥ ಸ್ಥಾನದ ಇಂಥ ಅಮೈನೊ ಆಮ್ಲವನ್ನು ಅಲನಿನ್‌ಗೆ ಬದಲಿಸಿದರೆ ಇಂಥ ಚಟುವಟಿಕೆ ಕುಸಿಯಬೇಕು, ಉಳಿದದ್ದು ಬದಲಾಗಬಾರದು. ಪ್ರಯೋಗಾಲಯವಿಲ್ಲದವರೂ ಮೊದಲ ಪರೀಕ್ಷೆಯನ್ನು ಮಾಡಬಹುದು. ಯುನಿಪ್ರಾಟ್ ಎಂಬ ಪ್ರೊಟೀನ್ ಅನುಕ್ರಮಗಳ ಸಂಗ್ರಹದಿಂದ ಅದೇ ಪ್ರೊಟೀನಿನ ದೂರದ ಬಂಧುಗಳ ಅನುಕ್ರಮಗಳನ್ನು ತಂದು ಜೋಡಿಸಿ, ಆ ಅಮೈನೊ ಆಮ್ಲ ಎಲ್ಲೆಡೆ ಉಳಿದುಕೊಂಡಿದೆಯೇ ಎಂದು ನೋಡಿ. ಬಂಧುಗಳಲ್ಲಿ ಅದು ಬೇಕಾಬಿಟ್ಟಿಯಾಗಿ ಬದಲಾಗಿದ್ದರೆ ಊಹೆಯನ್ನು ಅಲ್ಲಿಯೇ ಕೈಬಿಡುವುದು ಒಳಿತು. ಪ್ರಯೋಗಾಲಯವಿರುವವರು ಬದಲಿಸಿದ ಪ್ರೊಟೀನಿನ ಚಟುವಟಿಕೆಯನ್ನು ಅಳೆಯುವುದರ ಜೊತೆಗೆ, ವೃತ್ತೀಯ ದ್ವಿವರ್ಣತೆಯಂಥ ವಿಧಾನದಿಂದ ಅದು ಸರಿಯಾಗಿ ಮಡಿಚಿಕೊಂಡಿದೆಯೇ ಎಂಬುದನ್ನೂ ಪರಿಶೀಲಿಸಲೇಬೇಕು. ಮಡಿಕೆಯೇ ಕೆಟ್ಟುಹೋಗಿ ಚಟುವಟಿಕೆ ನಿಂತಿದ್ದರೆ, ಆ ಅಮೈನೊ ಆಮ್ಲ ಕ್ರಿಯಾಸ್ಥಾನದಲ್ಲಿ ಏನು ಮಾಡುತ್ತಿತ್ತು ಎಂಬ ಬಗ್ಗೆ ಆ ಪ್ರಯೋಗ ಏನನ್ನೂ ಹೇಳಿದಂತಾಗುವುದಿಲ್ಲ.